ಸಾಣಾಪುರದ ಬಂಡೆಗಲ್ಲು ಹತ್ತಾಕ ಏನೇನ್ ಬೇಕ್ರಿ

ಹಂಪಿ ಹತ್ತಿರದ ಆನೆಗುಂದಿ, ಸಾಣಾಪುರ ಕಡೆ ಬೌಲ್ಡರಿಂಗ್‌ಗೆ, ಅಂದ್ರ ಹಗ್ಗ ಇಲ್ದ ಗಿಡ್ಡ ಬಂಡೆಗಲ್ಲು ಹತ್ತೋ ಆಟಕ್ಕ, ಬರೋರು ಮೊದಲು ಕೇಳೋದು ಹಗ್ಗ ಎಷ್ಟ್ ಉದ್ದ ಬೇಕು ಅಂತ. ಹಗ್ಗನೇ ಬ್ಯಾಡ್ರಿ, ಬಂಡೆ ಹತ್ತೋ ಶೂ, ಚಾಕ್ ಪುಡಿ, ಕ್ರ್ಯಾಶ್ ಪ್ಯಾಡ್ (ಬಿದ್ರ ಪೆಟ್ಟಾಗದಂಗ ಕೆಳಗ ಹಾಸೋ ದಪ್ಪ ಮೆತ್ತಿ), ಒಂದು ಬ್ರಷ್, ಇಷ್ಟ ಸಾಕು.

ಶೂ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ ಯಾಕಂದ್ರ ನಾನು ದುಡ್ಡು ಕಳ್ಕೊಂಡಿದ್ದು ಅದ್ರಾಗ, ಟೈಟ್ ಇದ್ದಷ್ಟು ಚಲೋ ಅಂತ ಯಾರೋ ಹೇಳಿದ್ರು, ಒಂದು ಸೈಜ್ ಸಣ್ಣದು ತಗೊಂಡೆ, ಹದಿನೈದು ನಿಮಿಷಕ್ಕ ಬೆರಳೆಲ್ಲ ಜೋಮು ಹಿಡಿದು ಬರಿಗಾಲಾಗ ಕುಂತೆ. ಸಂಜಿ ಮುಂದ ಹಾಕಿ ನೋಡ್ರಿ, ಆಗ ಕಾಲು ಸ್ವಲ್ಪ ಊದಿರ್ತಾವ. ಬೆರಳು ಮುಂದ ತಾಗಬೇಕು, ನೋಯಬಾರ್ದು. ಇಲ್ಲಿದು ಗ್ರಾನೈಟ್, ಹಿಡಿಯಾಕ ಸಿಗೋದು ಸಣ್ಣ ಸಣ್ಣ ಅಂಚು, ಕಾಲು ನಂಬೇ ಹತ್ತಬೇಕು, ಅದಕ್ಕ ಸೋಲ್‌ಗೆ ಮಣ್ಣು ಹತ್ತಿದ್ರ ಒರೆಸ್ಕೊಂಡೇ ಬಂಡೆಗೆ ಕಾಲಿಡ್ರಿ.

ಪ್ಯಾಡ್ ಹಾಸೋ ಮುಂಚೆ ಕೆಳಗ ಕಲ್ಲು, ಮುಳ್ಳು, ಚೇಳು ನೋಡ್ರಿ. ಎರಡು ಪ್ಯಾಡ್ ನಡುವ ಸಂದಿ ಬಿಡಬ್ಯಾಡ್ರಿ, ಕಾಲು ಉಳುಕೋದು ಅಲ್ಲೇ. ಹಿಂದ ಒಬ್ರು ಕೈ ಚಾಚಿ ನಿಂತಿರ್ಬೇಕು, ಬೀಳೋರನ್ನ ಎತ್ಕೊಳ್ಳಾಕಲ್ಲ, ತಲಿ ಉಳಿಸಿ ಪ್ಯಾಡ್ ಕಡೆ ತಿರುಗಿಸಾಕ.

ಚಾಕ್ ಅಂದ್ರ ಮೆಗ್ನೀಸಿಯಂ ಕಾರ್ಬೊನೇಟ್, ಕೈ ಬೆವರು ಹೀರ್ತೈತಿ. ಶಾಲಿ ಸೀಮೆಸುಣ್ಣ ಪುಡಿ ಮಾಡ್ಕೊಂಡು ಬರಬ್ಯಾಡ್ರಿ (ಒಬ್ಬ ಬಂದಿದ್ದ!). ಇಳಿದ ಮ್ಯಾಲ ಬಿಳಿ ಕಲೆ ಬ್ರಷ್‌ಲೆ ತಿಕ್ಕಿ ತಗೀರಿ, ವೈರ್ ಬ್ರಷ್ ಬ್ಯಾಡ.

ಬರೋದಾದ್ರ ನವೆಂಬರ್‌ನಿಂದ ಫೆಬ್ರವರಿ ಒಳಗ, ಅದೂ ಮುಂಜಾನಿ ಇಲ್ಲಾ ಸಂಜಿ, ಮಧ್ಯಾಹ್ನ ಕಲ್ಲು ಹಂಚು ಕಾದಂಗ ಕಾದಿರ್ತೈತಿ. ಗುಡಿ, ಮಂಟಪ, ಕೋಟೆ ಗೋಡೆ ಇರೋ ಬಂಡೆ ಮಾತ್ರ ಹತ್ತಬ್ಯಾಡ್ರಿ. ಕತ್ತಲಾಗೋದ್ರಾಗ ಊರ ದಾರಿ ಹಿಡೀರಿ, ಚಿರತಿ ಓಡಾಡೋ ಗುಡ್ಡ ಇವು.