ನೀರಿಗಿಳಿಯದೆ ಕುಂಟೆಯ ಅಗಲ ಅಳೆಯಿರಿ: ಸರ್ವಸಮ ತ್ರಿಭುಜದ ಲೆಕ್ಕ

ಕೋಲಾರದ ಕಡೆ ಮಳೆಗೆ ಬರ ಇರಬಹುದು, ಕುಂಟೆ ಮತ್ತು ಕೃಷಿ ಹೊಂಡಗಳಿಗೆ ಇಲ್ಲ. ಒಂಬತ್ತನೇ ತರಗತಿಯ ಮಕ್ಕಳು ಸರ್ವಸಮತೆಯನ್ನು, ಅಂದರೆ ಎರಡು ಆಕೃತಿಗಳು ಅಳತೆಯಲ್ಲೂ ಆಕಾರದಲ್ಲೂ ಒಂದೇ ಆಗಿರುವುದನ್ನು, ಇವುಗಳ ದಡದಲ್ಲೇ ಕಲಿಯಬಹುದು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಅಂಚು ಜಾರುತ್ತದೆ, ದೊಡ್ಡವರನ್ನು ಕರೆದುಕೊಂಡೇ ಹೋಗಿ.

ಮೊದಲು ಕುಂಟೆಯ ಎದುರುಬದುರು ದಡದಲ್ಲಿ ಎರಡು ಗೂಟ ನೆಡಿ. ಒಂದು ಎ, ಇನ್ನೊಂದು ಬಿ. ಎರಡೂ ಕಡೆಗೆ ನೆಲದ ಮೇಲೆ ನೇರವಾಗಿ ನಡೆದು ಹೋಗಬಹುದಾದ ಜಾಗದಲ್ಲಿ ಮೂರನೇ ಗೂಟ, ಓ. ಎ ಯಿಂದ ಓ ವರೆಗೆ ಅಳೆಯಿರಿ. ಅದೇ ನೇರದಲ್ಲಿ ಓ ದಾಟಿ ಅಷ್ಟೇ ದೂರ ಹೋಗಿ ಸಿ ಗೂಟ ನೆಡಿ. ನೇರ ಸರಿಯಿದೆಯಾ? ಸಿ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಮೂರೂ ಗೂಟ ಒಂದರ ಹಿಂದೆ ಒಂದು ಮರೆಯಾಗಬೇಕು. ಬಿ ಕಡೆಯಿಂದಲೂ ಹೀಗೇ ಮಾಡಿ, ಡಿ ಗೂಟ ನೆಡಿ. ಹಗ್ಗ ಎಳೆದರೆ ಹಿಗ್ಗುತ್ತದೆ, ಟೇಪೇ ವಾಸಿ. ಈಗ ಸಿ ಯಿಂದ ಡಿ ಗೆ ಎಷ್ಟು ದೂರವೋ ಕುಂಟೆಯ ಅಗಲವೂ ಅಷ್ಟೇ.

ಯಾಕೆ ಅಷ್ಟೇ? ಅದನ್ನು ಬರೆದು ತೋರಿಸುವುದೇ ಸಾಧನೆ.

ದತ್ತ: ಎಓ = ಸಿಓ, ಬಿಓ = ಡಿಓ
ಸಾಧನೀಯ: ಎಬಿ = ಸಿಡಿ
ಸಾಧನೆ: △ಎಓಬಿ ಮತ್ತು △ಸಿಓಡಿ ಗಳಲ್ಲಿ,
ಎಓ = ಸಿಓ (ದತ್ತ)
∠ಎಓಬಿ = ∠ಸಿಓಡಿ (ಶೃಂಗಾಭಿಮುಖ ಕೋನಗಳು: ಎರಡು ನೇರ ಗೆರೆ ದಾಟುವಲ್ಲಿ ಎದುರುಬದುರಾಗುವ ಕೋನಗಳು)
ಬಿಓ = ಡಿಓ (ದತ್ತ)
ಆದ್ದರಿಂದ △ಎಓಬಿ ≅ △ಸಿಓಡಿ (ಬಾಕೋಬಾ: ಬಾಹು-ಕೋನ-ಬಾಹು ನಿಯಮ)
ಆದ್ದರಿಂದ ಎಬಿ = ಸಿಡಿ (ಸರ್ವಸಮ ತ್ರಿಭುಜಗಳ ಅನುರೂಪ ಬಾಹುಗಳು)

ಪ್ರತಿ ಸಾಲಿಗೂ ಕಾರಣ ಇದೆ, ಗಮನಿಸಿ. ಕೋನ ಸಮ ಅಂತ ಪ್ರಶ್ನೆಯಲ್ಲಿ ಯಾರೂ ಹೇಳಿರಲಿಲ್ಲ, ಚಿತ್ರದಿಂದ ನಾವೇ ಹುಡುಕಿದೆವು. ಬೇರೆ ಲೆಕ್ಕಗಳಲ್ಲಿ ಈ ಮೂರನೇ ಅಂಶ ಎರಡೂ ತ್ರಿಭುಜಕ್ಕೆ ಸೇರಿದ ಬಾಹುವೋ, ಸಮಾಂತರ ರೇಖೆಗಳ ಪರ್ಯಾಯ ಕೋನವೋ ಆಗಿರುತ್ತದೆ. ಅಕ್ಷರಗಳ ಕ್ರಮವೂ ಮುಖ್ಯ. ಎ ಗೆ ಸಿ, ಬಿ ಗೆ ಡಿ ಜೋಡಿ. ಸುಮ್ನೆ △ಡಿಓಸಿ ಅಂತ ಬರೆದರೆ ಎಓ = ಡಿಓ ಎಂದಾಗುತ್ತದೆ, ಅದು ಸುಳ್ಳು.

ಬಾಬಾಬಾ (ಮೂರೂ ಬಾಹು ಸಮ), ಕೋಬಾಕೋ (ಎರಡು ಕೋನ, ಅವುಗಳ ನಡುವಿನ ಬಾಹು ಸಮ) ನಿಯಮಗಳಲ್ಲಿ ಮಕ್ಕಳು ಅಷ್ಟಾಗಿ ಎಡವುವುದಿಲ್ಲ. ಎಡವಟ್ಟು ಜಾಸ್ತಿ ಆಗುವುದು ಬಾಕೋಬಾದಲ್ಲೇ. ಕೋನ ಆ ಎರಡು ಬಾಹುಗಳ ನಡುವೆಯೇ ಇರಬೇಕು. ಇಲ್ಲದಿದ್ದರೆ ಏನಾಗುತ್ತದೆ? ಕೈವಾರ ತೆಗೆದುಕೊಳ್ಳಿ. ಎ ಬಿಂದುವಿನಲ್ಲಿ 30° ಕೋನ ಎಳೆಯಿರಿ. ಅದರ ಒಂದು ಗೆರೆಯ ಮೇಲೆ 8 ಸೆಂ.ಮೀ. ದೂರಕ್ಕೆ ಬಿ ಗುರುತಿಸಿ. ಬಿ ಯಿಂದ 5 ಸೆಂ.ಮೀ. ತ್ರಿಜ್ಯದ ಕಂಸ ಎಳೆದರೆ ಅದು ಇನ್ನೊಂದು ಗೆರೆಯನ್ನು ಎರಡು ಕಡೆ ಕತ್ತರಿಸುತ್ತದೆ. ಒಂದು ಎ ಯಿಂದ ಸುಮಾರು 3.9 ಸೆಂ.ಮೀ. ದೂರದಲ್ಲಿ, ಇನ್ನೊಂದು ಸುಮಾರು 9.9 ಸೆಂ.ಮೀ. ದೂರದಲ್ಲಿ. ಎರಡು ಬಾಹು, ಒಂದು ಕೋನ ಅವೇ. ತ್ರಿಭುಜ ಮಾತ್ರ ಎರಡು!

ಎ ಕೋನ 90° ಆದರೆ ಈ ಗೊಂದಲ ಇಲ್ಲ. ಅದೇ 8 ಸೆಂ.ಮೀ. ದೂರದ ಬಿ ಯಿಂದ 10 ಸೆಂ.ಮೀ. ಕಂಸ ಎಳೆದು ನೋಡಿ, ಗೆರೆಯನ್ನು 6 ಸೆಂ.ಮೀ. ದೂರದಲ್ಲಿ ಒಂದೇ ಕಡೆ ಕತ್ತರಿಸುತ್ತದೆ. ಹಾಗಾಗಿ ಲಂಬಕೋನ, ವಿಕರ್ಣ (ಲಂಬಕೋನದ ಎದುರಿನ ಬಾಹು), ಇನ್ನೊಂದು ಬಾಹು ಸಮ ಇದ್ದರೆ ಸಾಕು. ಈ ನಿಯಮ ಬಳಸುವಾಗ ಎರಡೂ ತ್ರಿಭುಜದಲ್ಲಿ 90° ಇದೆ ಎಂಬ ಸಾಲನ್ನು ಬಿಡದೆ ಬರೆಯಿರಿ.