ಅಸ್ಥಿಕ್ಷಯ ಅಂದ್ರೆ ಟಿಬಿ ಅಲ್ವಾ ಸಿಸ್ಟರೇ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆ ಮನೆ ಮನೆ ತಿರುಗುವ ನರ್ಸ್ ನಾನು. ಮೂಳೆ ಟೊಳ್ಳಾಗುವ ಕಾಯಿಲೆ (ಆಸ್ಟಿಯೋಪೊರೋಸಿಸ್) ಬಗ್ಗೆ ಮೊದಲ ಸಲ ಕುಟುಂಬಶ್ರೀ ಅಯಲ್‌ಕೂಟದಲ್ಲಿ (ನೆರೆಕರೆಯ ಹೆಂಗಸರ ಸಂಘದಲ್ಲಿ) ಮಾತಾಡಲು ಹೋದಾಗ ಕೈಯಲ್ಲಿದ್ದದ್ದು ಮಲಯಾಳದ ಕರಪತ್ರ. ಅದರಲ್ಲಿ 'ಅಸ್ಥಿಕ್ಷಯಂ' ಅಂತಿತ್ತು, ನಾನೂ ಹಾಗೇ ಓದಿಬಿಟ್ಟೆ. "ಕ್ಷಯ ಅಂದ್ರೆ ಟಿಬಿ ಅಲ್ವಾ ಸಿಸ್ಟರೇ, ಮಕ್ಕಳಿಗೂ ಹರಡ್ತದಾ?" ಅಂತ ಹಿಂದಿನಿಂದ ಒಬ್ಬರು ಕೇಳಿದರು. ಮುಗಿಯಿತು, ಉಳಿದ ಅರ್ಧ ಗಂಟೆ ಟಿಬಿಯದ್ದೇ ಮಾತು.

ಮುಂದಿನ ಸಲ 'ಮೂಳೆ ಸವೆತ' ಅಂದೆ. ಅದೂ ಕೆಟ್ಟಿತು. ನಮ್ಮಲ್ಲಿ ಮಂಡಿನೋವಿಗೆ ತೇಮಾನ, ಅಂದರೆ ಸವೆತ ಅನ್ನುತ್ತಾರೆ, ಸವೆತ ಅಂದ ಕೂಡಲೇ ಎಲ್ಲರೂ ಮಂಡಿ ಮುಟ್ಟಿ ತೋರಿಸಿದರು. ಅದು ಗಂಟಿನ ಕಾಯಿಲೆ, ನೋಯುತ್ತದೆ. ಇದು ಮುರಿಯುವ ತನಕ ಸದ್ದೇ ಮಾಡುವುದಿಲ್ಲ.

ಕೊನೆಗೆ ಕೈ ಹಿಡಿದದ್ದು ಕುಂಬಾದ ಪಕ್ಕಾಸು, ಅಂದರೆ ಒಳಗೇ ಟೊಳ್ಳಾದ ಮಾಡಿನ ಮರದ ಪಟ್ಟಿ. ಮಾಡು ಬಿಚ್ಚುತ್ತಿದ್ದ ಮನೆಯಿಂದ ಒಂದು ತುಂಡು ತಂದು ಎಲ್ಲರ ಕೈಗೆ ಕೊಟ್ಟೆ. ಹೊರಗೆ ಗಟ್ಟಿ, ಹೆಬ್ಬೆರಳಲ್ಲಿ ಒತ್ತಿದರೆ ಪುಡಿ. ಮೂವತ್ತರ ಆಸುಪಾಸಿನ ತನಕ ದೇಹ ಮೂಳೆ ಕೂಡಿಡುತ್ತದೆ, ಮುಟ್ಟು ನಿಂತ ಮೇಲೆ ಕೆಲವು ವರ್ಷ ಬೇಗ ಬೇಗ ಕಳೆದುಕೊಳ್ಳುತ್ತದೆ ಅಂದೆ. ಈ ಸಲ ಯಾರೂ ಮಂಡಿ ಮುಟ್ಟಲಿಲ್ಲ.

ಆಮೇಲೆ ಗೋಡೆ ಪರೀಕ್ಷೆ. ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ ನೇರ ಎದುರು ನೋಡಿ ನಿಲ್ಲಬೇಕು, ತಲೆಯ ಹಿಂಭಾಗವೂ ತಾಗಬೇಕು. ಬೀಡಿ ಕಟ್ಟುವ ಅಕ್ಕ ಒಬ್ಬರು, ಅರವತ್ತು ದಾಟಿದವರು, ನಿಂತರು. ತಲೆ ತಾಗಲಿಲ್ಲ. ನನ್ನ ನಾಲ್ಕು ಬೆರಳು ಆ ಸಂದಿಯಲ್ಲಿ ಆರಾಮಾಗಿ ಹೋಯಿತು. "ಮೊದಲು ಅಟ್ಟದ ಡಬ್ಬ ಕೈಗೆ ಸಿಗ್ತಿತ್ತು, ಈಗ ಸ್ಟೂಲ್ ಬೇಕು. ಬೀಡಿ ಕಟ್ಟಿ ಕಟ್ಟಿ ಬಾಗಿದ್ದು ಅಂತ ಎಣಿಸಿದ್ದೆ" ಅಂದರು. ಎಕ್ಸ್‌ರೇ ಮಾಡಿಸಿದರೆ ಬೆನ್ನಿನ ಎರಡು ಮೂಳೆ ಜಜ್ಜಿಹೋಗಿತ್ತು. ಬಿದ್ದದ್ದೇ ಇಲ್ಲ! ದಮ್ಮಿಗೆ ವರ್ಷಗಟ್ಟಲೆ ಸ್ಟೆರಾಯ್ಡ್ ಮಾತ್ರೆ ನುಂಗಿದ್ದರು, ಅದೂ ಮೂಳೆ ತಿನ್ನುತ್ತದೆ. (ಹಾಗಂತ ಡಾಕ್ಟರನ್ನು ಕೇಳದೆ ಅದನ್ನು ಏಕ್‌ದಮ್ ನಿಲ್ಲಿಸಬೇಡಿ, ಅಪಾಯ.) ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ ಸ್ಕೋರ್ ಮೈನಸ್ 2.5ಕ್ಕಿಂತ ಕೆಳಗೆ ಬಂತು, ಅಂದರೆ ಮೂಳೆ ಟೊಳ್ಳಾಗಿದೆ ಅಂತಲೇ ಲೆಕ್ಕ. ಇಷ್ಟಾದ ಮೇಲೆ ಬರೀ ಕ್ಯಾಲ್ಸಿಯಂ ಮಾತ್ರೆ ಸಾಲದು, ಮೂಳೆಯ ಮದ್ದೇ ಬೇಕು.

ನಾನು ದಡ್ಡತನ ಮಾಡಿದ್ದು ಬಿಸಿಲಿನ ವಿಷಯದಲ್ಲಿ. ವಿಟಮಿನ್ ಡಿ ಸಿಗಲಿ, ಬೀಡಿ ಕೆಲಸ ಅಂಗಳಕ್ಕೆ ತನ್ನಿ ಅಂದೆ. ಎಲ್ಲರೂ ನಕ್ಕರು. ಎಲೆ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದೇ ಮೆತ್ತಗಿರಲಿ ಅಂತ, ಬಿಸಿಲಿಗೆ ತಂದರೆ ಸುರುಟುವಾಗ ಹರಿಯುತ್ತದೆ. ಸರಿ, ಹಾಗಾದರೆ ಹೊತ್ತೇರಿದ ಮೇಲೆ ಅಡಿಕೆ ಮಗುಚಲು, ಬಟ್ಟೆ ಹರವಲು ನೀವೇ ಹೋಗಿ ಅಂತ ಮಾತು ಬದಲಿಸಿದೆ. ಕೂತಲ್ಲಿಂದ ಏಳುವುದೂ ಆಯಿತು, ನಮ್ಮ ಮೈಭಾರ ಕಾಲ ಮೇಲೆ ಬಿದ್ದು ನಡೆದರೇ ಮೂಳೆಗೆ ಬಲ.

ಊಟದ್ದು ಜಾಸ್ತಿ ಹೇಳಲ್ಲ. ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತವರಿಗೆ 1200. ಒಂದು ಲೋಟ ಹಾಲಿನಲ್ಲಿ ಸುಮಾರು 240 ಸಿಗುತ್ತದೆ. ಘಟ್ಟದ ಮೇಲಿನವರ ಹಾಗೆ ಮುದ್ದೆ ತಿನ್ನಿ ಅಂದರೆ ಇಲ್ಲಿ ನಡೆಯುವುದಿಲ್ಲ. ಮಗುವಿಗೆ ಮಾಡುವ ರಾಗಿ ಮಣ್ಣಿಯಲ್ಲಿ ನಿಮಗೂ ಒಂದು ಬಟ್ಟಲು ಇಟ್ಟುಕೊಳ್ಳಿ, ಸಣ್ಣ ಬೂತಾಯಿ ಮೀನನ್ನು ಮುಳ್ಳು ಸಮೇತ ಜಗಿಯಿರಿ, ಎಳ್ಳು, ನುಗ್ಗೆಸೊಪ್ಪು ಬಿಡಬೇಡಿ.

ಮಳೆಗಾಲದಲ್ಲಿ ಮಾತ್ರ ನಾನು ಊಟ ಬಿಟ್ಟು ಅಂಗಳ ನೋಡುತ್ತೇನೆ. ಬಾವಿಕಟ್ಟೆ, ಬಚ್ಚಲ ಮೆಟ್ಟಿಲಿನ ಪಾಚಿ ತಿಕ್ಕಿಸುತ್ತೇನೆ, ದಾರಿಗೆ ಸೋಗೆ ಹಾಸಿಸುತ್ತೇನೆ, ಸವೆದ ಹವಾಯಿ ಚಪ್ಪಲಿ ಎಸೆಯಿಸುತ್ತೇನೆ. ಟೊಳ್ಳು ಮೂಳೆಯವರು ಬೀಳದಿದ್ದರೆ ಅರ್ಧ ಯುದ್ಧ ಗೆದ್ದ ಹಾಗೆ, ಸೊಂಟ ಮುರಿದರೆ ಮತ್ತೆ ಮೊದಲಿನ ಹಾಗೆ ನಡೆಯುವವರು ಕಡಿಮೆ.

ಮೊನ್ನೆ ಒಬ್ಬರು ಅಜ್ಜಿ, "ಎಲೆಗೆ ಸುಣ್ಣ ಹಚ್ಚಿ ತಿಂತೇವಲ್ಲ, ಅದೂ ಕ್ಯಾಲ್ಸಿಯಂ ಅಲ್ವಾ?" ಅಂತ ಕೇಳಿದರು. ಹೌದಜ್ಜಿ, ಆದರೆ ಜೊತೆಗೆ ಹೋಗುವ ಅಡಿಕೆ, ಹೊಗೆಸೊಪ್ಪು ಬಾಯಿ ಕ್ಯಾನ್ಸರ್ ತರ್ತದೆ ಅಂದೆ. ಅಡಿಕೆಯಲ್ಲೇ ಬದುಕುವವರ ಚಾವಡಿಯಲ್ಲಿ ಕೂತು ಹಾಗೆ ಹೇಳಲು ಧೈರ್ಯ ಬೇಕು ಮಾರಾಯ್ರೆ. ಅಜ್ಜಿ ಸುಣ್ಣದ ಡಬ್ಬಿ ಮುಚ್ಚಿಟ್ಟರು. ಬಾಯಿಯಲ್ಲಿದ್ದದ್ದನ್ನು ಉಗುಳಲಿಲ್ಲ.