ಅಗ್ಗದ ಯುನಿಕ್ಸ್ ಕಂಪ್ಯೂಟರ್‌ಗೆ ಪ್ರೊಸೆಸರ್ ಆರಿಸುವುದು ಹೇಗೆ?

ಕಡಿಮೆ ಖರ್ಚಿನಲ್ಲಿ ಯುನಿಕ್ಸ್ ಯಂತ್ರ (ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂ ಓಡಿಸುವ ಕಂಪ್ಯೂಟರ್) ಕಟ್ಟಲು ಹೊರಟವರು ಮೊದಲು ಮೆಗಾಹರ್ಟ್ಸ್ ನೋಡುತ್ತಾರೆ, ಆಮೇಲೆ ಬೆಲೆ. ಎರಡನ್ನೂ ಬದಿಗಿಡಿ. ಚಿಪ್‌ನ ಡೇಟಾಶೀಟ್ (ವಿವರಪತ್ರ) ತೆರೆದು ಮೊದಲು ಎಂಎಂಯು, ಅಂದರೆ ಮೆಮೊರಿ ನಿರ್ವಹಣಾ ಘಟಕ, ಇದೆಯೇ ನೋಡಿ.

1. ಎಂಎಂಯು ಖಚಿತಪಡಿಸಿಕೊಳ್ಳಿ. ಪ್ರತಿ ಪ್ರೋಗ್ರಾಮಿಗೂ ಅದರದೇ ವಿಳಾಸಗಳನ್ನು ಕೊಟ್ಟು ಕಾಯುವುದು ಇದೇ. ಇದಿಲ್ಲದ ಚಿಪ್‌ನಲ್ಲಿ ಲಿನಕ್ಸ್ ಓಡಿಸಬಹುದಾದರೂ ಫೋರ್ಕ್ (ಓಡುತ್ತಿರುವ ಪ್ರೋಗ್ರಾಮಿನ ಪ್ರತಿ ಮಾಡುವ ಕರೆ) ಸಿಗುವುದಿಲ್ಲ, ಪ್ರತಿ ಮಾಡದೆ ಅದೇ ಮೆಮೊರಿ ಹಂಚಿಕೊಳ್ಳುವ ವಿಫೋರ್ಕ್‌ನಲ್ಲೇ ಸುಧಾರಿಸಬೇಕು. ಒಂದು ಪ್ರೋಗ್ರಾಂ ಎಡವಿದರೆ ಇಡೀ ಯಂತ್ರವೇ ಕುಸಿಯಬಹುದು. ಕಾರ್ಟೆಕ್ಸ್-ಎಂ7 ಎಷ್ಟೇ ವೇಗವಾಗಿದ್ದರೂ ಅದರಲ್ಲಿರುವುದು ಎಂಪಿಯು (ಮೆಮೊರಿ ಕಾಯುವ ಘಟಕ) ಮಾತ್ರ, ವಿಳಾಸ ಬದಲಿಸುವ ಶಕ್ತಿ ಅದಕ್ಕಿಲ್ಲ. ಕಾರ್ಟೆಕ್ಸ್-ಎ7, ಎ53 ಆದರೆ ಚಿಂತೆಯಿಲ್ಲ.

ಹಳೆಯ ಚಿಪ್‌ಗಳಲ್ಲಿ ಮೋಸ ಹೋಗುವುದು ಹೆಸರಿನ ಅಕ್ಷರಗಳಲ್ಲಿ. ಮೋಟೊರೋಲಾದ 68000ಕ್ಕೆ ಹೊರಗಿನಿಂದ ಎಂಎಂಯು ಜೋಡಿಸಿದರೂ ಪೇಜಿಂಗ್ (ಮೆಮೊರಿಯನ್ನು ಪುಟಗಳಾಗಿ ವಿಂಗಡಿಸಿ, ಬೇಕಾದಾಗ ಮಾತ್ರ ತರುವುದು) ಕೆಲಸ ಮಾಡದು. ಬಸ್ ಎರರ್ (ಕೇಳಿದ ವಿಳಾಸ ಸಿಗದೆ ಬರುವ ದೋಷ ಸೂಚನೆ) ಬಂದಾಗ ಅರ್ಧಕ್ಕೆ ನಿಂತ ಆದೇಶವನ್ನು ಮುಂದುವರಿಸುವಷ್ಟು ಮಾಹಿತಿಯನ್ನು ಅದು ಉಳಿಸಿಕೊಳ್ಳುವುದಿಲ್ಲ. 68010 ಇದನ್ನು ಸರಿಪಡಿಸಿತು, 68030ರಲ್ಲಿ ಎಂಎಂಯು ಒಳಗೇ ಬಂತು. ಆದರೆ 68ಇಸಿ030ರಲ್ಲಿ ಅದಿಲ್ಲ! ಮೇಲಿನ ಅಕ್ಷರ ಉಜ್ಜಿ ಹೊಸದಾಗಿ ಮುದ್ರಿಸಿದ ಚಿಪ್‌ಗಳೂ ಮಾರಾಟಕ್ಕೆ ಬರುವುದರಿಂದ ಗುರುತನ್ನಷ್ಟೇ ನಂಬಬೇಡಿ. 68030 ಅನ್ನು ಹೀಗೆ ಪರೀಕ್ಷಿಸಿ: ಪೇಜ್ ಟೇಬಲ್‌ನಲ್ಲಿ (ಯಾವ ವಿಳಾಸ ಎಲ್ಲಿಗೆ ಎಂಬ ಪಟ್ಟಿ) ಒಂದು ಪುಟವನ್ನು ಅಮಾನ್ಯವೆಂದು ಗುರುತಿಸಿ, ಅದನ್ನು ಓದಿ. ಬಸ್ ಎರರ್ ಬರಬೇಕು. ಹ್ಯಾಂಡ್ಲರ್‌ನಲ್ಲಿ (ಎರರ್ ಬಂದಾಗ ಓಡುವ ತುಣುಕು) ಪುಟವನ್ನು ಮಾನ್ಯಗೊಳಿಸಿ, ಪಿಫ್ಲಶ್ (ಚಿಪ್‌ನೊಳಗಿನ ಹಳೆಯ ನಮೂದು ಅಳಿಸುವ ಆದೇಶ) ಮಾಡಿ, ಆರ್‌ಟಿಇ (ನಿಂತಲ್ಲಿಗೆ ಮರಳುವ ಆದೇಶ) ಮೂಲಕ ಮರಳಿ. ಓದಿದ ಮೌಲ್ಯ ಸರಿಯಿದ್ದರೆ ಚಿಪ್ ಅಸಲಿ. ಪಿಫ್ಲಶ್ ಮರೆತರೆ ಹಳೆಯ ನಮೂದು ಚಿಪ್‌ನೊಳಗೇ ಉಳಿದು ಅದೇ ಎರರ್ ಮತ್ತೆ ಮತ್ತೆ ಬರುತ್ತದೆ. ಒಳ್ಳೆಯ ಚಿಪ್‌ಗಳನ್ನು ಹಾಳೆಂದು ಎಸೆಯುವುದು ಇದೇ ಕಾರಣಕ್ಕೆ. ಹ್ಯಾಂಡ್ಲರ್ ಮತ್ತು ಸ್ಟ್ಯಾಕ್ ಇರುವ ಪುಟವನ್ನು ಮಾತ್ರ ಅಮಾನ್ಯ ಮಾಡಬೇಡಿ.

2. ರ‍್ಯಾಮ್ ಎಲ್ಲಿದೆ ನೋಡಿ. ಹೊಸ ಚಿಪ್ ಅಗ್ಗವಿದ್ದರೂ ಹೊರಗಿನ ಡಿಡಿಆರ್ (ವೇಗದ ರ‍್ಯಾಮ್) ತಂತಿಗಳ ಉದ್ದ ಹೊಂದಿಸಲು ಬಹುಪದರದ ಬೋರ್ಡ್ ಬೇಕಾದರೆ ಉಳಿತಾಯವೆಲ್ಲ ಅಲ್ಲೇ ಖರ್ಚು. ಮೊದಲ ಬಾರಿ ಕಟ್ಟುವವರು ಆಲ್‌ವಿನ್ನರ್ ವಿ3ಎಸ್ ತೆಗೆದುಕೊಳ್ಳಿ: ಒಂದು ಕಾರ್ಟೆಕ್ಸ್-ಎ7, ಪ್ಯಾಕೇಜಿನೊಳಗೇ 64 ಎಂಬಿ ಡಿಡಿಆರ್2, ಕಾಲುಗಳು ಹೊರಗೆ ಕಾಣುವುದರಿಂದ ಕೈಯಲ್ಲೇ ಬೆಸುಗೆ ಹಾಕಬಹುದು. 64 ಎಂಬಿಗೆ ಡೆಸ್ಕ್‌ಟಾಪ್‌ನ ದೊಡ್ಡ ಲಿನಕ್ಸ್ ತುರುಕಬೇಡಿ, ಬಿಲ್ಡ್‌ರೂಟ್ (ಪುಟ್ಟ ಲಿನಕ್ಸ್ ಕಟ್ಟುವ ಸಲಕರಣೆ) ಸಾಕು.

3. ಬೂಟ್‌ಲೋಡರ್ (ಯಂತ್ರ ಚಾಲೂ ಆದಾಗ ಲಿನಕ್ಸ್ ಅನ್ನು ಎಬ್ಬಿಸುವ ಪ್ರೋಗ್ರಾಂ) ಎಸ್‌ಡಿ ಕಾರ್ಡಿಗೆ ತುಂಬಿ. ವಿ3ಎಸ್ ಆದರೆ ಕಾರ್ಡಿನ ಆರಂಭದಿಂದ 8 ಕೆಬಿ ಬಿಟ್ಟು ಹಾಕಿ.

4. ಸೀರಿಯಲ್ ಕನ್ಸೋಲ್ (ಬೋರ್ಡಿನ ಸಂದೇಶ ತೋರಿಸುವ ತಂತಿ ಸಂಪರ್ಕ) ಜೋಡಿಸಿ, ವೇಗ 115200 ಬಾಡ್. ಯುಎಸ್‌ಬಿ ಅಡಾಪ್ಟರ್ 3.3 ವೋಲ್ಟ್‌ನದೇ ಇರಲಿ. 5 ವೋಲ್ಟ್‌ನದು ಪಿನ್ನನ್ನು ಸುಟ್ಟೀತು. ಅಡಾಪ್ಟರಿನ ಮೇಲಿನ ಬರಹ ಬಿಟ್ಟು, ಅದರ ಟಿಎಕ್ಸ್ (ಕಳುಹಿಸುವ) ಪಿನ್ನನ್ನು ಮಲ್ಟಿಮೀಟರ್‌ನಲ್ಲಿ ಅಳೆದ ಮೇಲೆಯೇ ತಂತಿ ಜೋಡಿಸಿ.